ನೇರಳೆ ಬಣ್ಣದ ರುಜು

ಮೊನ್ನೆ ಹಳೆಯ ಟ್ರಂಕು ಒರೆಸುವಾಗ ತಳದಲ್ಲಿ ಒಂದು ತುಂಡು ಪೆನ್ಸಿಲ್ ಸಿಕ್ಕಿತು. ಒದ್ದೆ ಮಾಡಿ ಬರೆದರೆ ನೇರಳೆ ಮಸಿಯಂತೆ ಮೂಡುತ್ತದಲ್ಲ, ಆ ಜಾತಿಯದು. ಒಂದು ಕಾಲಕ್ಕೆ ಕಚೇರಿಗಳಲ್ಲೆಲ್ಲ ಅದೇ ಇರುತ್ತಿತ್ತು. ಯಾಕೋ ಏನೋ, ತುದಿಯನ್ನು ನಾಲಿಗೆಗೆ ಮುಟ್ಟಿಸಿದೆ. ಅದೇ ಕಹಿ, ಅದೇ ಒಗರು. ಕನ್ನಡಿಯ ಮುಂದೆ ನಾಲಿಗೆ ಚಾಚಿ ನಿಂತಿದ್ದಾಗ ಹೆಂಡತಿ ಬಂದು, “ಏನ್ರೀ ಅದು, ನಾಲ್ಗೆಯೆಲ್ಲ?” ಎಂದಳು. ಎಂಬತ್ತು ದಾಟಿದ ಮುದುಕ ನಾನು, ಪೆನ್ಸಿಲನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

ಕೃಷ್ಣರಾಜನಗರದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನಿಲ್ಲ, ಆದರೂ ನನಗೆ ಅವರು ಮಾವ, ಬೀದಿಗೆಲ್ಲ ಮಿಲಿಟ್ರಿ ಮಾವ. ಯುದ್ಧದ ಕಾಲದಲ್ಲಿ ಬರ್ಮಾ ಗಡಿಯಲ್ಲಿ ಸೈನ್ಯದ ಲಾರಿ ಓಡಿಸಿದವರು. ಯುದ್ಧ ಮುಗಿದು ಮನೆಗೆ ಕಳಿಸಿದ ಮೇಲೆ ಓಡಿಸಲು ಲಾರಿ ಎಲ್ಲಿಂದ ಬರಬೇಕು? ಯಾರದೋ ಎತ್ತಿನ ಗಾಡಿಯಲ್ಲಿ ಆಲೆಮನೆಗೆ ಕಬ್ಬು ಹೊಡೆಯುತ್ತಿದ್ದರು. ಆ ಗಾಡಿ ಹತ್ತುವಾಗಲೂ ಖಾಕಿ ಅಂಗಿಯ ಗುಂಡಿಯನ್ನು ಕತ್ತಿನವರೆಗೆ ಹಾಕಿರುತ್ತಿದ್ದರು. ನಾನು ಗೆಳೆಯರ ಜೊತೆ ಸೇರಿ ಅದಕ್ಕೆ ನಕ್ಕಿದ್ದೂ ಉಂಟು.

ಮೈಸೂರಿನ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ನಮ್ಮಿಬ್ಬರ ಹೆಸರೂ ಇತ್ತು. ಕೆಲಸ ಬೇಕಾದವರು ಹೆಸರು ಬರೆಸಿದರೆ ಒಂದು ಕಾರ್ಡು ಕೊಡುತ್ತಿದ್ದರು. ಎಲ್ಲಾದರೂ ಕೆಲಸ ಖಾಲಿಯಾದರೆ, ಮೊದಲು ಬರೆಸಿದವರಿಗೆ ಮೊದಲು ಕರೆ. ಆದರೆ ಗಡುವಿನೊಳಗೆ ಹೋಗಿ ಕಾರ್ಡನ್ನು ರಿನ್ಯೂ ಮಾಡಿಸಬೇಕು. ಗುಮಾಸ್ತರು ಹಿಂಬದಿಯಲ್ಲಿ ತಾರೀಖು ಹಾಕಿ, ಗೀಚು ರುಜು ಮಾಡಿ, ತಮ್ಮ ಪುಸ್ತಕದಲ್ಲೂ ಗುರುತು ಹಾಕಿಕೊಳ್ಳುತ್ತಿದ್ದರು. ಗಡುವು ತಪ್ಪಿತೋ, ಹೆಸರು ಹೋಯಿತು. ಮತ್ತೆ ಬಾಲದಿಂದ ಶುರು. ಮಾವನದು ಬಹಳ ಹಳೆಯ ಹೆಸರು. ಎಸ್ಸೆಸ್ಸೆಲ್ಸಿ ಮುಗಿಸಿದ ನನ್ನದು ಹೊಸದು. ರೈಲಿನ ಖರ್ಚು ಉಳಿಯಲೆಂದು ಪಾಳಿ ಮಾಡಿಕೊಂಡಿದ್ದೆವು. ಒಂದು ಸಲ ಅವರು ಹೋದರೆ ನನ್ನ ಕಾರ್ಡೂ ಅವರ ಜೇಬಿನಲ್ಲಿ, ಇನ್ನೊಂದು ಸಲ ನಾನು. ಒಮ್ಮೆ ಮೈ ಸುಡುವ ಜ್ವರದಲ್ಲಿ ಹೋಗಿ ನನ್ನ ಕಾರ್ಡು ಮಾಡಿಸಿ ತಂದಿದ್ದರು, ಪುಣ್ಯಾತ್ಮರು.

ಆ ವರ್ಷ ಎಚ್.ಡಿ. ಕೋಟೆ ಕಡೆ ಅಣೆಕಟ್ಟೆಯ ಕೆಲಸಕ್ಕೆ ಲಾರಿ ಡ್ರೈವರುಗಳನ್ನು ತೆಗೆದುಕೊಳ್ಳುತ್ತಾರೆ, ಪಟ್ಟಿ ಎಕ್ಸ್‌ಚೇಂಜಿನಿಂದಲೇ ಹೋಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಮೈಸೂರಿಗೆ ಹೋಗುವ ಪಾಳಿ ನನ್ನದು. ಸಂಕ್ರಾಂತಿಯ ಹಿಂದುಮುಂದಿನ ದಿನ. ಅತ್ತೆ, ಅಂದರೆ ಮಾವನ ಹೆಂಡತಿ, ಎರಡು ರಾಗಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಕಟ್ಟಿಕೊಟ್ಟರು. ಮಾವ ಸ್ಟೇಷನ್ನಿನವರೆಗೂ ಜೊತೆಗೆ ನಡೆದು ಬಂದರು.

“ನಿಂಗಿನ್ನೂ ವಯ್ಸದೆ ಮಗ, ಇವತ್ತಲ್ದಿದ್ರೆ ನಾಳೆ. ನಂದು ಮಾತ್ರ ಮರೀಬ್ಯಾಡ ಕಣ್ಲಾ,” ಎಂದರು. “ಕಬ್ಬಿನ್ ಗಾಡೀಲೇ ಸಾಯೋಕಿಷ್ಟ ಇಲ್ಲ ನಂಗೆ.”

ಹನ್ನೊಂದು ಗಂಟೆಗೆಲ್ಲ ನನ್ನ ಕಾರ್ಡಿನ ಕೆಲಸ ಮುಗಿಯಿತು. ಸೈನ್ಯದಿಂದ ಬಂದವರ ಕಾರ್ಡು ನೋಡುವ ಗುಮಾಸ್ತರು ಬೇರೆ. ಅವರು ಎರಡು ಗಂಟೆಗೆ ಸಿಗುತ್ತಾರೆ ಎಂದರು. ಹೊರಗೆ ಬಂದರೆ ಸ್ಕೂಲಿನ ಗೆಳೆಯನೊಬ್ಬ ಸಿಕ್ಕಿದ. ಹೋಟೆಲಿಗೆ ಹೋದೆವು, ಆಮೇಲೆ ಮ್ಯಾಟಿನಿ ಅಂದ. ನಡುವೆ ಎದ್ದು ಬಂದು ಕಾರ್ಡು ಮಾಡಿಸೋಣ ಅಂದುಕೊಂಡೇ ಒಳಗೆ ಹೋದೆ... ಸುಳ್ಳು. ಅಂದುಕೊಂಡಿರಲಿಲ್ಲ. ಸಿನಿಮಾ ನೋಡಬೇಕಿತ್ತು, ನೋಡಿದೆ. ಹೊರಗೆ ಬಂದಾಗ ಕಚೇರಿಗೆ ಬೀಗ ಬಿದ್ದಿತ್ತು.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅತ್ತೆಯ ರೊಟ್ಟಿ ತಿಂದೆ. ಕೈ ಒರೆಸಿಕೊಂಡು ಪೆನ್ಸಿಲ್ ತೆಗೆದೆ. ಗುಮಾಸ್ತನಾಗುವ ಆಸೆಯಿದ್ದವನಲ್ಲವೇ, ಆಗಲೇ ಒಂದು ಇಟ್ಟುಕೊಂಡಿದ್ದೆ! ನಾಲಿಗೆಗೆ ಒತ್ತಿ ಒತ್ತಿ ಮಾವನ ಕಾರ್ಡಿನ ಹಿಂದೆ ಆ ದಿನದ ತಾರೀಖು ಬರೆದೆ. ಮೇಲಿನ ಸಾಲು ನೋಡಿಕೊಂಡು ಗೀಚು ರುಜುವನ್ನೂ ಹಾಕಿದೆ. ಗಡುವಿಗೆ ಇನ್ನೂ ನಾಲ್ಕು ದಿನವಿದೆ, ಅಷ್ಟರೊಳಗೆ ಬಂದು ಸರಿಮಾಡಿಸಿದರಾಯಿತು ಎಂದು ಸಮಾಧಾನ ಮಾಡಿಕೊಂಡೆ. ನಾಲ್ಕು ದಿನವೂ ಮನೆಯಲ್ಲೇ ಬಿದ್ದಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ಸಂಜೆ ಕಾರ್ಡು ಕೊಟ್ಟಾಗ ಮಾವ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ನನ್ನ ಮುಖ ನೋಡಿ, “ಏನ್ಲಾ, ನಾಲ್ಗೆ ಇಂಗಾಗದೆ?” ಎಂದರು.

“ನೇರಳೆ ಹಣ್ಣು ತಿಂದೆ ಮಾವ.”

“ಊಂ,” ಎಂದರು, ಅಷ್ಟೆ. ಕಾರ್ಡನ್ನು ಸೈನ್ಯದ ಕಾಗದಗಳ ಜೊತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು.

ಯುಗಾದಿಯ ಹೊತ್ತಿಗೆ ಡ್ರೈವರುಗಳ ಪಟ್ಟಿ ಹೋಯಿತು. ಮಾವನಿಗಿಂತ ಎಷ್ಟೋ ತಡವಾಗಿ ಹೆಸರು ಬರೆಸಿದ್ದ ಪಿರಿಯಾಪಟ್ಟಣದ ಒಬ್ಬನಿಗೆ ಕರೆ ಬಂತು, ಮಾವನಿಗೆ ಬರಲಿಲ್ಲ. ಏನಾಗಿದೆಯೋ ಕೇಳೋಣ, ನಾಲ್ಕಕ್ಷರ ಇಂಗ್ಲಿಷ್ ಬಲ್ಲವನು ನೀನೂ ಬಾ ಎಂದು ನನ್ನನ್ನೂ ಕರೆದರು. ಒಲ್ಲೆ ಎನ್ನಲಾಗದೆ ಹೋದೆ.

ಗುಮಾಸ್ತರು ಪುಸ್ತಕ ತಿರುವಿ, “ನೀವು ರಿನ್ಯೂ ಮಾಡಿಸಿಲ್ಲ, ಹೆಸರು ಹೊಡೆದಾಗಿದೆ,” ಎಂದರು. ಮಾವ ಧೈರ್ಯವಾಗಿ ಕಾರ್ಡು ತಿರುಗಿಸಿ ತೋರಿಸಿದರು. ಅವರು ಅದನ್ನು ಬೆಳಕಿಗೆ ಹಿಡಿದರು. “ಇದು ನನ್ನ ರುಜು ಅಲ್ಲ ಕಣ್ರೀ. ಯಾರು ಬರೆದದ್ದು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಬಾಯಿ ಒರೆಸಿಕೊಂಡೆ. ಮಾವ ಅದನ್ನು ನೋಡಿದರು. ಆಮೇಲೆ ಗುಮಾಸ್ತರ ಕಡೆ ತಿರುಗಿ, ನೆಟ್ಟಗೆ ನಿಂತು, “ನಾನೇ ಸ್ವಾಮಿ,” ಎಂದರು.

ಮಿಲಿಟರಿಯಲ್ಲಿದ್ದವರು ಮಾಡುವ ಕೆಲಸವೇ ಇದು ಎಂದು ಗುಮಾಸ್ತರು ಎಲ್ಲರೆದುರಿಗೆ ಕೇಳಿದರು. ವಯಸ್ಸಿಗೆ ಮರ್ಯಾದೆ ಕೊಟ್ಟು ಪೊಲೀಸಿಗೆ ಹೇಳುವುದಿಲ್ಲ, ಇನ್ನು ಈ ಕಡೆ ಬರಬೇಡಿ ಎಂದು ಕಾರ್ಡನ್ನು ಹರಿದು ಬುಟ್ಟಿಗೆ ಹಾಕಿದರು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ನಾನೂ ಅವರಲ್ಲೊಬ್ಬನಂತೆ ನೋಡುತ್ತ ನಿಂತೆ. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಮಾಡಿದವನು ನಾನು, ಉಂಡವರು ಮಾವ.

ವಾಪಸು ಬರಲು ರೈಲು ಹತ್ತಿದೆವು. ಸಾಗರಕಟ್ಟೆಯ ಸೇತುವೆ ದಾಟಿದ ಮೇಲೆ ಅವರೇ ಬಾಯಿಬಿಟ್ಟರು.

“ಸಂಕ್ರಾಂತೀಲಿ ನೇರಳೆ ಅಣ್ಣು ಎಲ್ ಸಿಕ್ತದೆ ಅಂತ ಅವತ್ತೇ ಅನ್ಕಂಡೆ ಕಣ್ಲಾ. ನಿನ್ನ ಅನುಮಾನಿಸ್ಬಾರ್ದು ಅಂತ ಸುಮ್ಕಾದೆ.”

ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಹೇಗೋ ಕೇಳಿದೆ.

“ನಿನ್ ಎಸ್ರು ಏಳಿದ್ರೆ ನಿನ್ ಕಾರ್ಡೂ ಅರ್ದಾಕೋರು. ಎಲ್ಡ್ ಮನೇಲಿ ಒಂದಕ್ಕಾದ್ರೂ ಕೆಲ್ಸ ಬರ್ಲಿ ಬುಡು,” ಎಂದರು. ಆಮೇಲೆ, “ನಿಮ್ಮತ್ತೆಗೆ ಏಳ್ಬ್ಯಾಡ. ನಿಂಗೆ ರೊಟ್ಟಿ ಕಟ್ಟಿದ್ಲು, ನೊಂದ್ಕತಾಳೆ,” ಎಂದರು.

ಆಗಲಾದರೂ ಕಾಲು ಹಿಡಿಯಬೇಕಿತ್ತು. ಹಿಡಿಯಲಿಲ್ಲ.

ಅದೇ ವರ್ಷ ನನಗೆ ಕರೆ ಬಂತು, ಹುಣಸೂರಿನಲ್ಲಿ ಗುಮಾಸ್ತನ ಕೆಲಸ. ಹೊರಡುವ ದಿನ ಅತ್ತೆ ಮತ್ತೆ ರೊಟ್ಟಿ ಕಟ್ಟಿಕೊಟ್ಟರು. ಮಾವ ಗಾಡಿ ಕಟ್ಟುತ್ತಿದ್ದರು, ಬರಿಯ ಬನಿಯನ್ನಿನಲ್ಲಿ. ಮೈಸೂರಿನಿಂದ ಬಂದ ಮೇಲೆ ಆ ಖಾಕಿ ಅಂಗಿಯನ್ನು ಅವರು ಹಾಕಿದ್ದನ್ನು ನಾನು ಕಾಣಲಿಲ್ಲ. ಕೆಲವು ವರ್ಷಗಳ ನಂತರ, ಕಬ್ಬು ಹೇರಿದ ಗಾಡಿಯ ಮೂಕಿಯ ಮೇಲೆ ಕೂತಲ್ಲೇ ಅವರ ಪ್ರಾಣ ಹೋಯಿತೆಂದು ಅಪ್ಪ ಕಾಗದ ಬರೆದರು. ರಜೆ ಸಿಗಲಿಲ್ಲ ಎಂದು ಬರೆದೆ. ರಜೆ ಕೇಳಿಯೇ ಇರಲಿಲ್ಲ. ಅತ್ತೆಯ ಮುಖ ನೋಡುವ ಧೈರ್ಯವಿರಲಿಲ್ಲ, ಅಷ್ಟೇ.

ಮೂವತ್ತು ವರ್ಷ ಊರವರ ಕಾಗದಗಳ ಮೇಲೆ ತಾರೀಖು ಹಾಕಿ ಗೀಚು ರುಜು ಮಾಡಿದೆ. ಪಿಂಚಣಿಯೂ ಬರುತ್ತಿದೆ. ಅದು ಮಾವ ಕೊಡಿಸಿದ ಅನ್ನ ಎಂದು ಯಾರಿಗೂ ಹೇಳಿಲ್ಲ... ಈಗ ಹೇಳೋಣವೆಂದರೆ ಕ್ಷಮಿಸುವವರು ಯಾರೂ ಉಳಿದಿಲ್ಲ.

ಮೊನ್ನೆ ಹೆಂಡತಿ ಇನ್ನೂ ಕಾಯುತ್ತ ನಿಂತಿದ್ದಳು. ನಾಲಿಗೆ ಒಳಗೆಳೆದುಕೊಂಡು, ನೇರಳೆ ಹಣ್ಣು ತಿಂದೆ ಅಂದೆ.

ಇದು ನೇರಳೆ ಹಣ್ಣಿನ ಕಾಲವಲ್ಲ. ಅವಳೂ “ಊಂ” ಅಂದು ಒಳಗೆ ಹೋದಳು.