ಬೇಬಿ ಆಯಿಲ್ ಹಚ್ಚಿದ ಬಾಚಿ

ಮೊನ್ನೆ ಅಕ್ಕನ ಮನೆಗೆ ಹೋದಾಗ ಅವಳ ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿನಲ್ಲಿ ಮಲಗಿಸಿದ್ದರು. ಬಂದವರೆಲ್ಲ ಪಾಳಿ ಹಚ್ಚಿ ಬಗ್ಗಿ ಅದರ ನೆತ್ತಿ ಮೂಸಿ, ಕಣ್ಣು ಮುಚ್ಚಿ, 'ಕೂಸಿನ ವಾಸನಿ ಅಂದ್ರ ಕೂಸಿನ ವಾಸನಿ ನೋಡ್ರಿ' ಅನ್ನುತ್ತಿದ್ದರು. ನಾನೂ ಬಗ್ಗಿ ಮೂಸಿದೆ. ನನಗೆ ಗರಗಸದ ವಾಸನೆ ಬಂತು. ಸುಮ್ಮನಿದ್ದರೆ ಆಗುತ್ತಿತ್ತು, ಬಾಯಿಬಿಟ್ಟು ಹೇಳಿದೆ. ಅಕ್ಕ ಕೂಸನ್ನು ಎತ್ತಿಕೊಂಡು ಒಳಗೆ ನಡೆದಳು. 'ಇವನ ಕೈಯಾಗ ಕೊಡಬ್ಯಾಡ್ರಿ, ಮೊದಲ ತಲಿ ಸರಿ ಇಲ್ಲ.'

ತಪ್ಪು ನನ್ನದಲ್ಲ. ಮೆಡಿಕಲ್ ಕಾಕಾಂದು.

ಕಾಕಾ ಅಂದರೆ ಸ್ವಂತ ಕಾಕಾ ಅಲ್ಲ. ನಮ್ಮ ಬಾಜೂ ಮನೆಯವರು. ಬೆಳಗಾವಿಯ ನೆಹರು ನಗರದಲ್ಲಿ ಅವರದೊಂದು ಔಷಧಿ ಅಂಗಡಿ ಇತ್ತು. ದಿನವಿಡೀ ಮಂದಿಯ ಕೆಮ್ಮು, ನೆಗಡಿ, ಸಕ್ಕರೆ, ಬಿ.ಪಿ. ನೋಡಿ ಬೇಸತ್ತ ಮನುಷ್ಯ ರವಿವಾರ ಬಂತೆಂದರೆ ಹಳೆಯ ಹತ್ಯಾರ ಹುಡುಕಿಕೊಂಡು ಹೊರಡುತ್ತಿದ್ದರು. ಹತ್ಯಾರ ಅಂದರೆ ಖಡ್ಗ, ಬಂದೂಕು ಅಲ್ಲ. ಬಡಿಗನ ಉಳಿ, ರಂದಾ, ಕೊಡತಿ, ಗರಗಸ. ಕ್ಯಾಂಪಿನ ಹಳೆಯ ಬಂಗಲೆ ಖಾಲಿಯಾಗುತ್ತಿದೆ ಎಂಬ ಸುದ್ದಿ ಬಂದರೆ ಅಲ್ಲಿಗೆ. ಖಾನಾಪುರದಲ್ಲಿ ಯಾವನೋ ಬಡಿಗ ಕೆಲಸ ಬಿಟ್ಟ ಅಂತ ಕಿವಿಗೆ ಬಿದ್ದರೆ ಅಲ್ಲಿಗೆ. ಹೀಗೆ ತಂದ ಕಬ್ಬಿಣವನ್ನೆಲ್ಲ ತಿಕ್ಕಿ, ಅಂಗಡಿಯಲ್ಲಿ ಅವಧಿ ಮುಗಿದು ಉಳಿದ ಬೇಬಿ ಆಯಿಲ್ ಹಚ್ಚಿ, ಪಡಸಾಲೆಯಲ್ಲಿ ಸಾಲಾಗಿ ಮಲಗಿಸುತ್ತಿದ್ದರು. 'ಕೂಸಿಗೆ ಆಗೂದಿಲ್ಲ ಖರೇ, ಕಬ್ಬಿಣಕ್ಕ ಏನ ಆಗತೈತಿ?' ಅನ್ನುವುದು ಅವರ ವಾದ. 'ನನ್ನ ಮಕ್ಕಳ ಮೈಗೆ ಒಮ್ಮಿ ಎಣ್ಣಿ ಹಚ್ಚಲಿಲ್ಲ ಈ ಮನಶ್ಯಾ' ಅನ್ನುವುದು ಅವರ ಹೆಂಡತಿ ಕಾಕೂನ ವಾದ. ಎರಡೂ ಖರೇನೇ.

ಇನ್ನು ಮಜಾ ಏನೆಂದರೆ, ಕಾಕಾಗೆ ಒಂದು ಮೊಳೆ ಹೊಡೆಯಲು ಬರುತ್ತಿರಲಿಲ್ಲ. ಮನೆಯಲ್ಲಿ ಹದಿನಾರು ತರಹದ ಸುತ್ತಿಗೆ ಇಟ್ಟುಕೊಂಡು, ಕ್ಯಾಲೆಂಡರ್ ತೂಗುಹಾಕಲು ನನ್ನನ್ನು ಕರೆಯುತ್ತಿದ್ದರು. ನಾನು ಮೊಳೆಯ ಬದಲು ನನ್ನ ಹೆಬ್ಬೆರಳಿಗೆ ಹೊಡೆದುಕೊಳ್ಳುತ್ತಿದ್ದೆ. ಅವರು ಅಂಗಡಿಯಿಂದ ಮುಲಾಮು ತರುತ್ತಿದ್ದರು. ಕ್ಯಾಲೆಂಡರ್ ಟೇಬಲ್ಲಿನ ಮೇಲೆಯೇ ಉಳಿಯುತ್ತಿತ್ತು.

ಆ ದಿನಗಳಲ್ಲಿ ನಾನು ಕೆಲಸ ಹುಡುಕುತ್ತಿದ್ದೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಸಿಗಲಿಲ್ಲ, ನನ್ನ ಬೈಕಿಗೆ ಸಿಕ್ಕಿತು. ರವಿವಾರ ಮುಂಜಾನೆ ಹಾಸಿಗೆಯಲ್ಲಿರುವಾಗಲೇ ಕಂಪೌಂಡಿನಾಚೆಯಿಂದ ಕೂಗು ಬರುತ್ತಿತ್ತು, 'ಎದ್ದಿಯೇನಲೇ ಕಲಾವಿದಾ?' ಓಣಿಯವರ ದನಿ ತೆಗೆದು ನಗಿಸುತ್ತಿದ್ದೆನಲ್ಲ, ಅದಕ್ಕೆ ಕಲಾವಿದ. ಕಾಕಾನ ದನಿಯೂ ನನಗೆ ಚೆನ್ನಾಗಿ ಬರುತ್ತಿತ್ತು. ಮೂಗಿನಿಂದ ಹೊರಟು, ಗಂಟಲಲ್ಲಿ ಕುಂತು, ಪುಸುಪುಸು ಅಂತ ಹೊರಬರುವ ದನಿ. ಅವರೆದುರಿಗೇ ಮಾಡಿ ತೋರಿಸುತ್ತಿದ್ದೆ. ಸಿಟ್ಟಾಗುತ್ತಿರಲಿಲ್ಲ, 'ಇನ್ನೊಮ್ಮಿ ಮಾಡು, ಎಲ್ಲೋ ತಪ್ಪೇತಿ' ಅಂತ ತಿದ್ದಲು ಕೂಡುತ್ತಿದ್ದರು. ಅಣಕಿಸಿಕೊಳ್ಳುವವನೇ ಗುರುವಾಗಿ ಕೂತರೆ ಅಣಕದಲ್ಲಿ ಏನು ಸುಖ…

ಆದರೆ ಅವರು ನನಗೆ ಕೊಟ್ಟ ನಿಜವಾದ ಕಾಟ ಖಂಡೇಪೂಜೆಯದು, ಅಂದರೆ ದಸರೆಯ ಆಯುಧಪೂಜೆಯದು.

ಅದು ಶುರುವಾದದ್ದು ಖಾನಾಪುರದ ಒಬ್ಬ ಬಡಿಗ ಅಜ್ಜನಿಂದ. ಅಜ್ಜನ ಮನೆಯಲ್ಲಿ ಅವನ ಅಪ್ಪನ ಕಾಲದ ಒಂದು ಬಾಚಿ ಇತ್ತು. ಕಟ್ಟಿಗೆ ಕೆತ್ತುವ, ಗುದ್ದಲಿಯ ಹಾಗೆ ಬಾಯಿ ಬಾಗಿದ, ಮೋಟು ಹಿಡಿಕೆಯ ಬಾಚಿ. ಕಾಕಾಗೆ ಅದರ ಮೇಲೆ ಮನಸ್ಸು ಹೋಯಿತು. ಅಜ್ಜನಿಗೆ ಭುಜ ಏಳುತ್ತಿರಲಿಲ್ಲ, ಕೆಲಸ ಬಿಟ್ಟು ವರ್ಷಗಳಾಗಿದ್ದವು. ಆದರೂ ಕೊಡಲು ಒಲ್ಲೆ ಅಂದ. 'ಶೇಠ, ಇದನ್ನ ನಿನಗ ಕೊಟ್ರ ಖಂಡೇಪೂಜಿಗೆ ನಾ ಏನ ಇಡ್ಲಿ? ನನ್ನ ತಲಿ ಇಡ್ಲೇನು?' ಕಾಕಾ ಒಂದು ಕ್ಷಣವೂ ಯೋಚಿಸದೆ ಅಂದರು, 'ಆವತ್ತ ತಂದ ಕೊಡತೀನಿ. ಪೂಜಿ ಆದ ಮರದಿನ ಒಯ್ಯತೀನಿ. ಈ ಹುಡುಗನ ಗಾಡಿ ಐತಿ.' ಗಾಡಿಯವನನ್ನು ಯಾರೂ ಕೇಳಲಿಲ್ಲ.

ಸುದ್ದಿ ಹಬ್ಬಿತು. ಆಮೇಲೆ ಯಾರ ಮನೆಯ ಹತ್ಯಾರ ತೆಗೆದುಕೊಂಡರೂ ಅದೇ ಕರಾರು. ಜಾಂಬೋಟಿಯವರೆಗೂ ಹಬ್ಬಿದ ಕರಾರು. ದಸರೆ ಬಂತೆಂದರೆ ಊರಿಗೆಲ್ಲ ಹಬ್ಬ, ನನಗೆ ಮಾತ್ರ ಡ್ಯೂಟಿ. ಬೆನ್ನಿಗೆ ಗೋಣಿಚೀಲ, ಚೀಲದೊಳಗೆ ಉಳಿ, ರಂದಾ, ಹಿಂದೆ ಕಾಕಾ, ಕಾಕಾನ ತೊಡೆಯ ಮೇಲೆ ಅಡ್ಡ ಹಿಡಿದ ಗರಗಸ. ನಾಕಾದಲ್ಲಿ ಪೋಲೀಸರು ನಿಲ್ಲಿಸಿ, 'ಏನ್ರೀ ಇದು?' ಅಂದರೆ ಕಾಕಾ, 'ಮನಿ ಮಂದೀನ್ನ ಮನಿಗೆ ಬಿಡಾಕ ಹೊಂಟೇವ್ರಿ' ಅನ್ನುತ್ತಿದ್ದರು. ಪೋಲೀಸರು ನನ್ನ ಮುಖ ನೋಡುತ್ತಿದ್ದರು. ನಾನು ಆಕಾಶ ನೋಡುತ್ತಿದ್ದೆ.

ಯಾವುದು ಯಾರದೆಂದು ತಪ್ಪಬಾರದಲ್ಲ, ಅದಕ್ಕೆ ಒಂದೊಂದಕ್ಕೂ ಗುಳಿಗೆ ಹಾಕಿಕೊಡುವ ಸಣ್ಣ ಪಾಕೀಟು ಕಟ್ಟಿ ಅದರ ಮೇಲೆ ಹೆಸರು ಬರೆಯುತ್ತಿದ್ದರು. 'ಊಟದ ನಂತರ' ಎಂದು ಮೊದಲೇ ಛಾಪಿಸಿದ ಪಾಕೀಟು. ಇಷ್ಟಾದರೂ ಒಂದು ವರ್ಷ ಉಳಿ ಅದಲುಬದಲಾಗಿ, ಎರಡು ಮನೆಯವರು ಒಬ್ಬರ ಹಿರಿಯರ ಉಳಿಗೆ ಇನ್ನೊಬ್ಬರು ಪೂಜೆ ಮಾಡಿಬಿಟ್ಟರು. ಎರಡೂ ಮನೆಗಳಿಗೆ ಮಾತು ಬಿಟ್ಟು ಹತ್ತು ವರ್ಷವಾಗಿತ್ತಂತೆ. ಬೈಸಿಕೊಂಡವನು ನಾನು. ಕಾಕಾ ಬಾಜೂಕೆ ನಿಂತು ನನ್ನನ್ನೇ, 'ನೋಡ್ಕೊಂಡ ಕೊಡಬೇಕಪಾ' ಅಂದರು.

ಮರುದಿನ ಮತ್ತೆ ಅಷ್ಟೂ ಊರು ಸುತ್ತಿ ವಾಪಸ್ ತರಬೇಕು. ಅರಿಷಿಣ, ಕುಂಕುಮ ಹತ್ತಿದ್ದನ್ನು ಕಾಕಾ ಒರೆಸುತ್ತಿರಲಿಲ್ಲ. ಅದರ ಮೇಲೆಯೇ ಬೇಬಿ ಆಯಿಲ್…

ಈ ವರ್ಷ ಮಳೆಗಾಲದಲ್ಲಿ ಕಾಕಾ ಹೋದರು. ಅಂಗಡಿ ಮುಚ್ಚಿ ಬಂದು, ಊಟ ಮಾಡಿ, ಎದೆ ಹಿಡಿದುಕೊಂಡವರು ಮತ್ತೆ ಏಳಲಿಲ್ಲ. ಇದ್ದಾಗ ಮನೆಯವರಿಗೆ ಒಂದೇ ಒಂದು ಮಾತು ಹೇಳಿದ್ದರು, 'ನಾ ಹೋದ ಮ್ಯಾಲ ಇವನ್ನ ಚೆಲ್ಲಾಪಿಲ್ಲಿ ಮಾಡಬ್ಯಾಡ್ರಿ. ಎಲ್ಲಾ ಒಂದ ಕಡೆ ಇರಲಿ.' ಖಂಡೇಪೂಜೆಯ ಕರಾರಿನ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಅದು ಅವರ ಮತ್ತು ನನ್ನ ಬೈಕಿನ ನಡುವಿನ ವ್ಯವಹಾರವಾಗಿತ್ತು. ಹಬ್ಬದ ದಿನ ಗಂಡ ಎಲ್ಲಿ ಹೋಗುತ್ತಾನೆ ಅಂದರೆ, 'ಆ ಹುಡುಗನ ಜೋಡಿ ಎಲ್ಲೋ ಹಾಳಾಗಿ ಹೋಗತಾನ' ಅಂತಷ್ಟೇ ಕಾಕೂಗೆ ಗೊತ್ತು.

ಹಿಡಿಕೆಗಳಿಗೆಲ್ಲ ಗೆದ್ದಲು ಹತ್ತತೊಡಗಿತ್ತು. ಗುಜರಿಯವನು ಬಂದ, ಕಾಕು ಬೈದು ಕಳಿಸಿದರು. ಬಿಡಿಬಿಡಿಯಾಗಿ ಕೇಳಲು ಬಂದವರನ್ನೂ ಕಳಿಸಿದರು. ಕೊನೆಗೆ ಜಾಂಬೋಟಿ ರಸ್ತೆಯಲ್ಲಿ ಹೊಸದಾಗಿ ತೆರೆದ ಒಂದು ಹೋಟೆಲಿನವರು ಬಂದು, 'ಎಲ್ಲಾ ಒಂದ ಗ್ವಾಡಿ ಮ್ಯಾಲ ಇಡ್ತೀವ್ರಿ ತಾಯಿ, ಒಂದೂ ಬ್ಯಾರೆ ಮಾಡೂದಿಲ್ಲ' ಅಂದರು. ಗಂಡನ ಮಾತು ಉಳಿಯಿತು ಅಂತ ಕಾಕು ಕಣ್ಣೊರೆಸಿಕೊಂಡು ಕೊಟ್ಟರು. ನನಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಹೋಗಿಯಾಗಿತ್ತು. ಇದರಲ್ಲಿ ಯಾರ ತಪ್ಪು ಹಿಡಿಯಲಿ ಹೇಳಿ. ಹಿಡಿಯಲು ಯಾರೂ ಸಿಗದಿದ್ದಾಗ ಬರುವ ಸಿಟ್ಟು ಬೇರೆಯೇ ಇರುತ್ತದೆ.

ದಸರೆಗೆ ಇನ್ನೇನು ವಾರ ಉಳಿದಿರುವಾಗ ಖಾನಾಪುರದ ಅಜ್ಜನ ಫೋನು ಬಂತು. 'ಶೇಠ ಹೋದ್ರಂತ ಕೇಳಿದೆ. ಭಾಳ ಕೆಟ್ಟ ಆತು ಬಾಬಾ. ಚಲೋ ಮನಶ್ಯಾ. ಬಾಚಿ ಯಾವಾಗ ತರತಿ?' ಇಷ್ಟೂ ಒಂದೇ ಉಸಿರಿನಲ್ಲಿ. ಉಳಿದ ಮನೆಯವರು ಕಾಕಾ ಹೋದ ಸುದ್ದಿ ಕೇಳಿ ಸುಮ್ಮನಾಗಿದ್ದರು. ಅಜ್ಜ ಸುಮ್ಮನಾಗುವ ಪೈಕಿ ಅಲ್ಲ. 'ಅಪ್ಪ ಹೋದಾಗಿಂದ ಒಂದ ವರ್ಷಾನೂ ತಪ್ಪಿಲ್ಲ ನೋಡು. ನಾ ಇನ್ನ ಎಷ್ಟ ಖಂಡೇಪೂಜಿ ನೋಡೇನು?' ಇಂಥ ಮಾತಿಗೆ ಆಗೋದಿಲ್ಲ ಅನ್ನಲು ಹೊಟ್ಟೆಯಲ್ಲಿ ಕಲ್ಲಿರಬೇಕು. 'ತರತೀನಿ' ಅಂದೆ.

ಹೋಟೆಲಿಗೆ ಹೋದೆ. ಗೋಡೆ ನೋಡಿ ಅಲ್ಲೇ ನಿಂತೆ. ಕಾಕಾನ ಹತ್ಯಾರಗಳೆಲ್ಲ ಒಂದೇ ಕಡೆ ಇದ್ದವು, ಮಾತಿಗೆ ತಪ್ಪಿರಲಿಲ್ಲ. ಆದರೆ ಕಬ್ಬಿಣಕ್ಕೆಲ್ಲ ಬೆಳ್ಳಿ ಬಣ್ಣ, ಹಿಡಿಕೆಗಳಿಗೆಲ್ಲ ಚಾಕೊಲೇಟ್ ಬಣ್ಣ. ಅಜ್ಜನ ಬಾಚಿಯನ್ನು ತಲೆಕೆಳಗೆ ಮಾಡಿ ಕೈ ತೊಳೆಯುವ ಬೇಸಿನ್ ಮೇಲೆ ಸ್ಕ್ರೂ ಹಾಕಿ ಕೂರಿಸಿದ್ದರು. ಮ್ಯಾನೇಜರ್ ಒಳ್ಳೆಯವನೇ, ಅದೇ ತೊಂದರೆ. ಒಂದೊಂದು ಮಾತಿಗೂ ಎದೆಯ ಮೇಲೆ ಕೈ ಇಡುವ ಗಿರಾಕಿ.

'ಒಂದ ದಿನಾ ಕೊಡ್ರಿ, ಮರದಿನ ನಾನಽ ತಂದ ಸ್ಕ್ರೂ ಹಾಕತೀನಿ.'

'ಥೀಮ್ ಹಾಳಾಗತೈತ್ರಿ ಸರ್. ಹಬ್ಬದಾಗ ಗೋವಾಕ್ಕ ಹೋಗೂ ಮಂದಿ ಎಲ್ಲಾ ಇಲ್ಲೇ ಊಟಕ್ಕ ನಿಲ್ಲತಾರ. ಹಂಗ ಮಾಡ್ರಿ, ಅಜ್ಜಾರ್ನ ಇಲ್ಲೇ ಕರಕೊಂಡ ಬರ್ರಿ. ಇಲ್ಲೇ ಪೂಜಿ ಮಾಡ್ಲಿ, ಥಾಳಿ ನಮ್ಮ ಕಡೆಯಿಂದ.'

'ಬೇಸಿನ್ ಮ್ಯಾಲ?'

'ಬೇಸಿನ್ ಆವತ್ತ ಬಂದ್ ಇಡ್ತೀವ್ರಿ.'

ಮಾಲೀಕರನ್ನು ಕೇಳಿ ಫೋನ್ ಮಾಡುತ್ತೇನೆ ಅಂದ. ಎದೆಯ ಮೇಲೆ ಕೈ ಇಟ್ಟೇ ಅಂದ. ವಾರವಿಡೀ ಅವನ ಫೋನು ಬರಲಿಲ್ಲ. ನಾನು ಮಾಡಿದಾಗಲೆಲ್ಲ, 'ಕೇಳಾಕತ್ತೀನ್ರಿ ಸರ್.' ಈಗ ಅವನ ದನಿಯೂ ನನಗೆ ಬರುತ್ತದೆ, ಬೇಡವೆಂದರೂ ಬರುತ್ತದೆ.

ಖಂಡೇಪೂಜೆಯ ದಿನ ಬರಿಗೈಯಲ್ಲಿ ಖಾನಾಪುರಕ್ಕೆ ಹೋದೆ. ಹೋಗದೆ ಇರಬಹುದಿತ್ತು, ಆದರೆ ಅಜ್ಜ ಮುಂಜಾನೆಯಿಂದ ಬಾಗಿಲಲ್ಲಿ ಕುಂತಿರುತ್ತಾನೆ ಅಂತ ಗೊತ್ತಿತ್ತು. ಕುಂತಿದ್ದ. ಒಳಗೆ ಮಣೆಯ ಮೇಲೆ ಹೊಸ ಬಟ್ಟೆ ಹಾಸಿ, ಮನೆಯ ಕುಡುಗೋಲು, ಈಳಿಗೆ ಎಲ್ಲ ಜೋಡಿಸಿ, ನಡುವೆ ಜಾಗ ಬಿಟ್ಟಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸುರಕ್ಷಿತವಾಗಿದೆ ಅಂತ ನಂಬಿಸಲು ಹೋಟೆಲಿನಲ್ಲಿ ತೆಗೆದ ಫೋಟೋ ತೋರಿಸಿದೆ. ಅಜ್ಜ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

'ಇದು ನಮ್ಮದಲ್ಲ.'

'ನಿಮ್ದಽ ರೀ ಅಜ್ಜಾ. ಬಣ್ಣಾ ಹಚ್ಯಾರ.'

'ನಮ್ಮದಲ್ಲ ಅಂದ್ನೆಲ್ಲ.'

ನಾನು ಹಿಂದಿನ ವರ್ಷಗಳ ಫೋಟೋ ಹುಡುಕಿದೆ. ಕಾಕಾ ತಂದದ್ದಕ್ಕೆಲ್ಲ ನನ್ನಿಂದ ಫೋಟೋ ತೆಗೆಸುತ್ತಿದ್ದರು, ಅದೊಂದು ಬೇರೆ ಕಾಟ. ಬಾಚಿಯದು ಸಿಕ್ಕಿತು. ಕಪ್ಪು ಕಬ್ಬಿಣ, ಬಾಯಿಯ ಹತ್ತಿರ ಕುಂಕುಮ, ಹಿಡಿಕೆ ಹಿಡಿದ ಒಂದು ಕೈ.

'ಹಾಂ, ಇದು ನಮ್ಮದು,' ಅಂದ ಅಜ್ಜ. 'ಈ ಕೈ ಯಾರ್ದು?'

'ಶೇಠಂದು.'

ಅಜ್ಜ ಬಹಳ ಹೊತ್ತು ನೋಡಿದ. 'ಉಲ್ಟಾ ಹಿಡದಾನ ನೋಡು. ಇಷ್ಟ ವರ್ಷಾ ಇಟ್ಕೊಂಡ್ರೂ ಹಿಡಿಯೂದು ಕಲೀಲಿಲ್ಲ.'

ಅಷ್ಟು ಹೇಳಿ ಫೋನನ್ನು ನನ್ನ ಕೈಗೆ ಕೊಡಲಿಲ್ಲ. ಒಳಗೆ ಹೋಗಿ ಮಣೆಯ ಮೇಲೆ ಬಿಟ್ಟಿದ್ದ ಜಾಗದಲ್ಲಿ ಇಟ್ಟ. ಅವನ ಹೆಂಡತಿ ಆಯಿ ಬಂದು ಗಾಜಿಗೆ ಅರಿಷಿಣ, ಕುಂಕುಮ ಹಚ್ಚಿದಳು. ಅಷ್ಟರಲ್ಲಿ ಪರದೆ ಆರಿತು. 'ಬಾಚಿ ಎಲ್ಲಿ ಹೋತು?' ಅಂದಳು ಆಯಿ. ನಾನು ಒತ್ತಿ ಬೆಳಗಿಸಿದೆ. ಮತ್ತೆ ಆರಿತು. ಮತ್ತೆ ಒತ್ತಿದೆ. ಕೊನೆಗೆ ಆರದ ಹಾಗೆ ಸೆಟ್ಟಿಂಗ್ ಬದಲಿಸಿ, ಕುಂಕುಮದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಆರತಿಯಾಯಿತು. ಕೈ ಮುಗಿದೆ. ಫೋನ್ ಎತ್ತಿಕೊಳ್ಳಲು ಬಗ್ಗಿದೆ.

'ಮುಟ್ಟಬ್ಯಾಡ,' ಅಂದ ಅಜ್ಜ. 'ನಾಳಿ ಎತ್ತೂದು.'

'ಅಜ್ಜಾ, ಅದು ನನ್ನ ಫೋನ್ರಿ.'

'ಇಟ್ಟ ಮ್ಯಾಲ ಹತ್ಯಾರ.'

ನೋಡುತ್ತಿದ್ದಂತೆ ಮಣೆಯ ಮೇಲಿನ ಹತ್ಯಾರ ಗುರ್ರೆನ್ನತೊಡಗಿತು. ಬಾಚಿಯ ಚಿತ್ರ ಹೋಗಿ ಹೋಟೆಲ್ ಮ್ಯಾನೇಜರನ ಹೆಸರು ಬಂತು. ಚೆಂಡುಹೂವುಗಳು ನಡುಗಿದವು. ನಾನು ಅಜ್ಜನ ಮುಖ ನೋಡಿದೆ. ಅಜ್ಜ ತಲೆ ಅಲ್ಲಾಡಿಸಿದ. ಅದು ಬಾರಿಸಿಕೊಂಡು ತಾನೇ ಸುಮ್ಮನಾಯಿತು.

ಫೋನಿಲ್ಲದೆ ಬೆಳಗಾವಿಗೆ ಬಂದು, ಮನೆಯಲ್ಲಿ ಬೈಸಿಕೊಂಡು, ಮರುದಿನ ಮತ್ತೆ ಖಾನಾಪುರಕ್ಕೆ ಹೋದೆ. ಫೋನ್ ಸತ್ತಿತ್ತು. ಅಲ್ಲೇ ಚಾರ್ಜಿಗೆ ಹಾಕಿ ತೆರೆದರೆ, ಮ್ಯಾನೇಜರನ ಸಂದೇಶ. 'ಸರ್, ಮಾಲಕರು ಒಪ್ಯಾರ. ಈಗಽ ಬರ್ರಿ, ಬಿಚ್ಚಿ ಇಟ್ಟೀವಿ.' ನಿನ್ನೆಯ ಸಂದೇಶ. ಅಜ್ಜನಿಗೆ ಓದಿ ಹೇಳಿದೆ. ಅಜ್ಜ ಅಂದ, 'ಹಂಗಾರ ನೀ ನಿನ್ನೆ ಫೋನ್ ಎತ್ತಬೇಕಿತ್ತಿಲ್ಲೋ?'

ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದವರು ಒಬ್ಬರೇ. ಬೈಕಿನ ಹಿಂದೆ ಕುಂತು, ಈ ಕಥೆಯನ್ನು ಅಜ್ಜನ ದನಿಯಲ್ಲಿ, ಮ್ಯಾನೇಜರನ ದನಿಯಲ್ಲಿ ನನ್ನಿಂದ ಮಾಡಿಸಿ, ಎಲ್ಲಿ ತಪ್ಪಿದೆ ಅಂತ ತಿದ್ದುವವರು. ಬೆಳಗಾವಿ ಬರುವವರೆಗೂ ಬೈಕಿನ ಹಿಂದೆ ಹಗುರವಾಗಿತ್ತು. ಎಷ್ಟು ವರ್ಷ ಬಯಸಿದ್ದೆ ಆ ಹಗುರವನ್ನು…

ಇವತ್ತು ಮುಂಜಾನೆ ಅಜ್ಜ ಮತ್ತೆ ಫೋನ್ ಮಾಡಿದ್ದ. ಮುಂದಿನ ವರ್ಷಕ್ಕೆ ಹೋಟೆಲಿನವರಿಗೆ ಈಗಲೇ ಹೇಳಿ ಇಡಬೇಕಂತೆ. ಅಷ್ಟೇ ಅಲ್ಲ, ಉಳಿದ ಮನೆಯವರೂ ಕೇಳುತ್ತಿದ್ದಾರಂತೆ, ಅವರಿಗೆಲ್ಲ ನನ್ನ ನಂಬರ್ ಕೊಟ್ಟಿದ್ದಾನಂತೆ. ನನ್ನ ಮೈ ಉರಿದುಹೋಯಿತು. ಉರಿಯ ಭರದಲ್ಲಿ, ಹಳೆಯ ರೂಢಿಯಂತೆ, ಕಾಕಾನ ನಂಬರ್ ಒತ್ತಿಬಿಟ್ಟೆ. ರಿಂಗ್ ಆಗತೊಡಗಿದ ಮೇಲೆ ಎಚ್ಚರವಾಯಿತು. ಇಡಬೇಕೆನ್ನುವಷ್ಟರಲ್ಲಿ ಕಾಕು ಎತ್ತಿದರು. ಆ ಫೋನನ್ನು ಈಗ ಅವರೇ ಇಟ್ಟುಕೊಂಡಿದ್ದಾರೆ.

'ಹೇಳಪಾ.'

ಖರೇನೇ ಹೇಳಿದೆ. 'ಏನಿಲ್ರಿ ಕಾಕು. ಕಾಕಾಗ ಬೈಬೇಕಿತ್ತು.'

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

'ಪಾಳಿ ಹಚ್ಚಿ ನಿಂದ್ರು,' ಅಂದರು ಕಾಕು. 'ನಂದಽ ಇನ್ನೂ ಮುಗದಿಲ್ಲ.'