ಮೈ ಒಂಥರಾ ಆದದ್ದಕ್ಕೆ ಅತ್ತೆಯ ಬೇರು

ಕೇಳಿ ಗೆಳೆಯರೇ, ಬೆಳಗ್ಗೆ ಅಮ್ಮನಿಗೆ “ಯಾಕೋ ಮೈಯೆಲ್ಲ ಒಂಥರಾ ಆಗ್ತಿದೆ” ಎಂದುಬಿಟ್ಟೆ. ನಾನು ಮಾಡಿದ ಅಪರಾಧ ಅಷ್ಟೇ.

ಆಂಧ್ರ ಗಡಿಯ ರಾಯಲ್ಪಾಡಿನಿಂದ ಮಾವಿನಹಣ್ಣು ಹೊತ್ತು ತಂದಿದ್ದ ಅತ್ತೆ, ಅಂದರೆ ಅಪ್ಪನ ತಂಗಿ, ಎದ್ದೇ ನಿಂತರು. “ಅಯ್ಯೋ ನಾ ತಲ್ಲಿ, ನನ್ನ ತಾಯಿ! ಎಲ್ಲಾ ಆ ಔಷಧಿದೇ ಕಣೇ. ಇವತ್ತೇ ನಿಲ್ಲಿಸ್ಬಿಡು. ನಮ್ಮೂರ ನಾಟಿ ವೈದ್ಯರ ಬೇರು ತಂದಿದೀನಿ, ತೇದು ಕುಡಿಸ್ತೀನಿ.”

ನನಗಿರುವುದು ಸ್ನಾಯು ಸೊರಗುವ ಕಾಯಿಲೆ, ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ. ಅದಕ್ಕೆ ಕೆಲವು ತಿಂಗಳಿಂದ ತೆಗೆದುಕೊಳ್ಳುತ್ತಿರುವ ಆ ಔಷಧಿ ಸಿಗಲು ನಾವು ಪಟ್ಟ ಪಾಡು ಅಮ್ಮನಿಗೂ ಗೊತ್ತು. ಆದರೂ ಅವಳು ಬೇರನ್ನೇ ನೋಡತೊಡಗಿದಳು. ನನಗೆ ದಿಗಿಲಾಯಿತು. “ಮೊದ್ಲು ಆಸ್ಪತ್ರೆಯೋರನ್ನ ಕೇಳಮ್ಮ” ಎಂದೆ. ಅಮ್ಮ ಫೋನ್ ಮಾಡಿ ನನ್ನ ಮುಂದಿಟ್ಟಳು.

ನರ್ಸ್ ಜ್ವರ, ವಾಂತಿ ಎಲ್ಲ ವಿಚಾರಿಸಿದರು. ಯಾವುದೂ ಇರಲಿಲ್ಲ. “ಕೆಲವರಿಗೆ ಹೀಗೆ ಒಂಥರಾ ಆಗುತ್ತೆ. ನೀವಾಗೇ ಔಷಧಿ ನಿಲ್ಲಿಸ್ಬೇಡಿ. ಯಾವಾಗಿಂದ ಶುರುವಾಯ್ತು?”

“ನಮ್ಮತ್ತೆ ಬಂದಾಗಿಂದ.”

ನರ್ಸ್ ಜೋರಾಗಿ ನಕ್ಕರು. “ಹಂಗಾದ್ರೆ ಅವರು ಊರಿಗೆ ಹೋದ್ಮೇಲೂ ಇದ್ರೆ ಆಸ್ಪತ್ರೆಗೆ ಬನ್ನಿ!”

ಇದು ಮನೆಗೆಲ್ಲ ಕೇಳಿಸಿತು. ಅತ್ತೆ ಕೆಂಪಗಾದರು. “ಯಾರೇ ಸ್ಪೀಕರ್ ಹಾಕಿದ್ದು?”

“ನಾನೇ ಅತ್ತೆ” ಎಂದು ಸ್ಪೀಕರ್ ಒತ್ತಿದ ಬೆರಳು ಎತ್ತಿ ತೋರಿಸಿದೆ. ಔಷಧಿ ಶುರುವಾಗುವ ಮೊದಲು ಮೂಗಿನ ಮೇಲಿನ ನೊಣ ಓಡಿಸಲೂ ಅಮ್ಮನನ್ನು ಕೂಗಬೇಕಿತ್ತು.

ಅಮ್ಮ ಆ ಬೆರಳನ್ನೇ ನೋಡಿದಳು. ಬೇರನ್ನು ಅತ್ತೆಯ ಬ್ಯಾಗಿಗೆ ವಾಪಸ್ ಹಾಕಿದಳು.

ಮಾವಿನಹಣ್ಣನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಅದರಿಂದ ಇದುವರೆಗೆ ಯಾರಿಗೂ ಒಂಥರಾ ಆಗಿಲ್ಲ.