ಹೆಬ್ಬಾಳದ ಕೆರೆಯ ಬಳಿ ಗಿರಿಜೆ ಇರಲಿಲ್ಲ

ಇದು ೧೯೮೧ರ ಡಿಸೆಂಬರಿನಲ್ಲಿ ನಡೆದದ್ದೋ, ಮರುವರ್ಷದ ಜನವರಿಯಲ್ಲೋ, ಖಚಿತವಾಗಿ ಹೇಳಲಾರೆ. ಅವರೆಕಾಯಿಯ ಕಾಲ ಎಂಬುದಷ್ಟೇ ಗಟ್ಟಿ. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ಬೆಳಿಗ್ಗೆ ಯಲಹಂಕದಿಂದ ಹೆಬ್ಬಾಳದವರೆಗೂ ಮಂಜು ಮುಸುಕಿತ್ತು ಎಂದು ನನ್ನ ನೆನಪು. ಆದರೆ ಮೈದಾನದಲ್ಲಿ ಅಮ್ಮ ಬಿಸಿಲಿಗೆ ಕೊಡೆ ಹಿಡಿದು ನಿಂತಿದ್ದ ಚಿತ್ರವೂ ಅಷ್ಟೇ ಸ್ಪಷ್ಟವಾಗಿದೆ. ಎರಡರಲ್ಲಿ ಒಂದನ್ನು ನಾನು ಆಮೇಲೆ ಸೇರಿಸಿಕೊಂಡಿದ್ದರೂ ಆಶ್ಚರ್ಯವಿಲ್ಲ. ಹೈಸ್ಕೂಲಿನಿಂದ ಡೈರಿ ಬರೆಯುವ ಅಭ್ಯಾಸ ನನಗೆ. ಆ ದಿನದ ಪುಟ ತೆಗೆದು ನೋಡಿದರೆ ತಾರೀಖು ಕೂಡ ಹಾಕಿಲ್ಲ, ಇರುವುದು ಇಷ್ಟೇ: "ಎರಡನೇ ಸ್ಥಾನ. ಕಾಲು ನೋವು. ಅಮ್ಮನಿಗೆ ಖುಷಿ." ಆಗ ನಾನು ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಇಂಥ ದಾಖಲೆಯನ್ನು ಬೇರೆಯವರು ಬರೆದಿದ್ದರೆ ನಂಬುತ್ತಿರಲಿಲ್ಲ.

ನಮ್ಮ ಮನೆ ಆರ್.ಟಿ. ನಗರದಲ್ಲಿತ್ತು. ಹತ್ತಿರದ ಮೈದಾನದಲ್ಲಿ ಫ್ರಾನ್ಸಿಸ್ ಎಂಬವರು ಸಂಜೆ ಹೊತ್ತು ಓಟ ಕಲಿಸುತ್ತಿದ್ದರು. ಕಾರ್ಖಾನೆಯ ಮೊದಲ ಪಾಳಿ ಮುಗಿಸಿ, ಅದೇ ಖಾಕಿ ಪ್ಯಾಂಟಿನಲ್ಲಿ ಸೈಕಲ್ ತುಳಿದುಕೊಂಡು ಬರುತ್ತಿದ್ದರು. ನಮ್ಮ ಕ್ಲಬ್ಬೆಂದರೆ ಅವರು, ಅವರ ಸೀಟಿ, ಮತ್ತು ನಾವು ಒಂದಷ್ಟು ಜನ. ಹುಡುಗಿಯರು ನಾಲ್ವರಿದ್ದುದರಿಂದ ರಿಲೇ ತಂಡವೊಂದು ತಾನಾಗಿಯೇ ಆಗಿತ್ತು.

ನಮ್ಮ ರಿಲೇ ಕೋಲು ಒಂದು ತುಂಡು ಬಿದಿರು. ಬೇರೆ ಕ್ಲಬ್ಬಿನವರ ಹತ್ತಿರ ಬಣ್ಣ ಬಳಿದ ಅಲ್ಯೂಮಿನಿಯಂ ಕೋಲುಗಳಿದ್ದವು. ನಮ್ಮದಕ್ಕೆ ಜಾರದಿರಲೆಂದು ಉಲ್ಲನ್ ದಾರ ಸುತ್ತಿರುತ್ತಿತ್ತು. ಅದಕ್ಕೊಂದು ಪದ್ಧತಿಯೂ ಇತ್ತು. ಕೊನೆಯ ಹಂತ ಓಡಿ ಕೋಲನ್ನು ಮೈದಾನಕ್ಕೆ ತಂದವಳು ಅದನ್ನು ಮನೆಗೆ ಒಯ್ಯಬೇಕು, ಹಳೆಯ ದಾರದ ಮೇಲೆ ತನಗಿಷ್ಟವಾದ ಬಣ್ಣದ ದಾರವನ್ನು ಒಂದು ಸುತ್ತು ಸೇರಿಸಬೇಕು, ಮುಂದಿನ ಓಟದವರೆಗೆ ಇಟ್ಟುಕೊಳ್ಳಬೇಕು. ಎರಡು ವರ್ಷ ಅದು ನನ್ನ ಪುಸ್ತಕದ ಕಪಾಟಿನಲ್ಲಿತ್ತು. ಅದರ ಮೇಲಿನ ಹಸಿರು, ನೀಲಿ ಸುತ್ತುಗಳೆರಡೂ ನನ್ನವು.

ಆ ವರ್ಷ ಚಿಕ್ಕಮ್ಮನ ಮಗಳು ಗಿರಿಜೆ ಪಿಯುಸಿ ಓದಲು ಗೌರಿಬಿದನೂರಿನಿಂದ ನಮ್ಮ ಮನೆಗೆ ಬಂದಳು. ನನಗಿಂತ ಐದು ವರ್ಷ ಚಿಕ್ಕವಳು. ಮಾತು ಕಡಿಮೆ, ಕೆಲಸ ಚುರುಕು. ಬಂದ ವಾರದಲ್ಲೇ ಅಮ್ಮನಿಗೆ ಅವಳಿಲ್ಲದೆ ಅಡುಗೆಮನೆ ಸಾಗದಂತಾಯಿತು. ಅಮ್ಮ ನನ್ನ ಜಡೆ ಹೆಣೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ನಾನೇ ಬೇಡವೆಂದಿದ್ದೆ. ಈಗ ಅಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಗಿರಿಜೆಯ ಜಡೆ ಹೆಣೆಯುವುದನ್ನು ನೋಡುವಾಗ ಮಾತ್ರ ನನ್ನ ತಲೆಯ ಕೂದಲನ್ನೇ ಯಾರೋ ಎಳೆದಂತಾಗುತ್ತಿತ್ತು.

ಅವಳನ್ನು ಮೈದಾನಕ್ಕೆ ಕರೆದೊಯ್ದವಳೂ ನಾನೇ. ನನ್ನ ಟವೆಲು, ಚಪ್ಪಲಿ ನೋಡಿಕೊಂಡು ಕೂತಿರಲಿ ಎಂದು. ಎರಡನೆಯ ದಿನವೋ ಮೂರನೆಯ ದಿನವೋ ಫ್ರಾನ್ಸಿಸ್ ಸಾರ್, ಸುಮ್ಮನೆ ಯಾಕೆ ಕೂತಿದ್ದೀಯ, ಒಂದು ಸುತ್ತು ಓಡು ಎಂದರು. ಅವಳು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಓಡಿದಳು. ನಾನು ನೀರು ಕುಡಿಯುತ್ತಿದ್ದವಳು ಲೋಟ ಕೆಳಗಿಟ್ಟೆ. ಅವಳ ಕಾಲು ನೆಲ ಮುಟ್ಟುವ ಸದ್ದೇ ಕೇಳುತ್ತಿರಲಿಲ್ಲ.

ಆ ವೇಳೆಗೆ ತಂಡದ ಒಬ್ಬಳಿಗೆ ಮದುವೆ ಗೊತ್ತಾಗಿ ಜಾಗ ತೆರವಾಗಿತ್ತು. ಗಿರಿಜೆ ಸೇರಿದಳು. ಕ್ಲಬ್ಬುಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ರಸ್ತೆ ರಿಲೇ ಓಟಕ್ಕೆ ಮೂರು ವಾರವಿದ್ದಾಗ ಸಾರ್ ನಮ್ಮಿಬ್ಬರನ್ನೂ ಜೊತೆಯಲ್ಲಿ ಓಡಿಸಿ ನೋಡಿದರು. ಅವಳು ಗೆದ್ದಳು. ಎಷ್ಟು ಅಂತರದಿಂದ ಎಂಬುದನ್ನು ನಾನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯಾಗಿ ನೆನಪಿಸಿಕೊಂಡಿದ್ದೇನೆ.

"ಸುಮಾ, ಈ ಸಲ ಲಾಸ್ಟು ಗಿರಿಜಾ," ಎಂದರು ಸಾರ್. "ನೀನು ಮೂರನೇದು. ಬ್ಯಾಟರಾಯನಪುರದಿಂದ ಹೆಬ್ಬಾಳದ ಕೆರೆವರೆಗೂ. ಬೇಜಾರ್ ಮಾಡ್ಕೋಬೇಡಮ್ಮ. ಟೀಮ್ ಅಂದ್ರೆ ಟೀಮು."

ಪರವಾಗಿಲ್ಲ ಸಾರ್ ಎಂದೆ. ಮನೆಯಲ್ಲಿ ಅಮ್ಮನಿಗೆ ಈ ಸುದ್ದಿ ಹೇಳಿದವಳು ನಾನೇ, ನಗುತ್ತಲೇ. ಓಟ ಯಲಹಂಕದಲ್ಲಿ ಹೊರಟು ಬಳ್ಳಾರಿ ರಸ್ತೆ ಹಿಡಿದು ನಮ್ಮ ಮೈದಾನದಲ್ಲೇ ಮುಗಿಯುವುದಿತ್ತು. ಹಿಂದಿನ ವರ್ಷಗಳಲ್ಲಿ ಅದು ಮುಗಿಯುತ್ತಿದ್ದುದು ಊರ ಇನ್ನೊಂದು ತುದಿಯಲ್ಲಾದ್ದರಿಂದ ಅಮ್ಮ ಒಮ್ಮೆಯೂ ಬಂದಿರಲಿಲ್ಲ. ಈ ಸಲ ಬರುತ್ತೇನೆಂದಿದ್ದಳು. ರಿಲೇ ನೋಡಲು ಬಂದವರಿಗೆ ಕಾಣುವುದು ಕೊನೆಗೆ ಓಡಿಬರುವವಳು ಮಾತ್ರ. ಉಳಿದ ಮೂವರು ರಸ್ತೆಯಲ್ಲೆಲ್ಲೋ ಬೆವರು ಸುರಿಸಿ, ಆಮೇಲೆ ವ್ಯಾನಿನಲ್ಲಿ ಬಂದು ಇಳಿಯುತ್ತಾರೆ. ಅಮ್ಮ ಮೊದಲ ಸಲ ನನ್ನ ಓಟ ನೋಡಲು ಬರುತ್ತಾಳೆ, ನೋಡುವುದು ಗಿರಿಜೆಯನ್ನು. ಇದೊಂದೇ ಯೋಚನೆ ಆ ಮೂರು ವಾರ ನನ್ನನ್ನು ತಿಂದಿತು.

ದಿನವೂ ಸಂಜೆ ಅವಳಿಗೆ ಕೋಲು ಕೊಡುವುದನ್ನು ಅಭ್ಯಾಸ ಮಾಡಬೇಕಿತ್ತು. ಅವಳು ಹಿಂದಿರುಗಿ ನೋಡದೆ "ಬಾ ಸುಮಕ್ಕ, ಬಾ" ಎನ್ನುತ್ತಾ ನಿಧಾನವಾಗಿ ಓಡುತ್ತಾ ಅಂಗೈ ಹಿಂದಕ್ಕೆ ಚಾಚುತ್ತಿದ್ದಳು. ನಾನು ಕೋಲನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿಯುತ್ತಿದ್ದೆ. ಅವಳು ಅಂಗೈಯನ್ನು ಲಂಗಕ್ಕೆ ಉಜ್ಜಿಕೊಂಡು ಇನ್ನೊಮ್ಮೆ ಚಾಚುತ್ತಿದ್ದಳು.

ಓಟದ ಹಿಂದಿನ ದಿನ ಮಧ್ಯಾಹ್ನ ಅವಳು ಹಿತ್ತಿಲಲ್ಲಿ ಕೂತು ಇಬ್ಬರ ಕ್ಯಾನ್ವಾಸ್ ಶೂಗಳಿಗೂ ಬಿಳಿ ಬಳಿಯುತ್ತಿದ್ದಳು. ಅಮ್ಮ ಒಳಗಿನಿಂದ, ಗಿರಿಜಾ, ನಾಳೆ ನಿನಗೆ ಹಸಿವಾಗಬಾರದು, ಏನು ತಿಂಡಿ ಮಾಡಲಿ ಎಂದು ಕೂಗಿ ಕೇಳಿದಳು. ನನ್ನನ್ನು ಕೇಳಲಿಲ್ಲ. ನಾನು ಗಿರಿಜೆಗೆ ಮಾತ್ರ ಕೇಳುವಂತೆ, "ನೀನು ಬರೋಕ್ ಮುಂಚೆ ಈ ಮನೇಲಿ ನಂಗೂ ಹಸಿವಾಗ್ತಿತ್ತು ಕಣೇ," ಎಂದೆ. ತಮಾಷೆಯ ದನಿಯಲ್ಲೇ ಎಂದೆ ಅಂದುಕೊಂಡಿದ್ದೇನೆ. ಅವಳು ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಶೂ ನನ್ನದು. ಅದರ ಹಿಮ್ಮಡಿಯ ಹತ್ತಿರ ಉಳಿದಿದ್ದ ಒಂದು ಕಲೆಯ ಮೇಲೆ ಮತ್ತೊಮ್ಮೆ ಬಿಳಿ ಹಚ್ಚಿ ಬಿಸಿಲಿಗಿಟ್ಟಳು.

ಮರುದಿನ ಬೆಳಿಗ್ಗೆ ಬಾಡಿಗೆ ಮೆಟಡೋರಿನಲ್ಲಿ ಸಾರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಅವರವರ ಜಾಗದಲ್ಲಿ ಇಳಿಸುತ್ತಾ ಯಲಹಂಕದತ್ತ ಹೋದರು. ಮೊದಲು ಇಳಿದವಳು ಗಿರಿಜೆ, ಹೆಬ್ಬಾಳದ ಕೆರೆಯ ಪಕ್ಕ. ಆಮೇಲೆ ಬ್ಯಾಟರಾಯನಪುರದಲ್ಲಿ ನಾನು. ಇಳಿಯುವಾಗ ಸಾರ್ ಓಟದ ನಿಯಮವನ್ನು ನೆನಪಿಸಿದರು. ಕೋಲು ಎಲ್ಲಿಯೂ ನಿಲ್ಲುವಂತಿಲ್ಲ. ಮುಂದಿನವಳು ಹುಷಾರು ತಪ್ಪಿಯೋ ಇನ್ನೇನೋ ಆಗಿ ಜಾಗದಲ್ಲಿ ಇಲ್ಲದಿದ್ದರೆ ಕೋಲು ಹಿಡಿದವಳೇ ಮುಂದುವರಿಯಬಹುದು. ಇದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ಹಾಗೆ ಎರಡು ಹಂತ ಓಡಿದವರನ್ನು ಯಾರೂ ನೋಡಿರಲಿಲ್ಲ.

ನನ್ನ ಕೈಗೆ ಕೋಲು ಬಂದಾಗ ನಾವು ಎರಡನೆಯವರಾಗಿದ್ದೆವು. ಮುಂದಿದ್ದ ಹುಡುಗಿಯನ್ನು ದ್ರಾಕ್ಷಿ ತೋಟದ ಬೇಲಿ ದಾಟುವಷ್ಟರಲ್ಲಿ ಹಿಂದೆ ಹಾಕಿದೆ. ಹಾಗೆ ನಾನು ಅದಕ್ಕೆ ಮುಂಚೆ ಓಡಿರಲಿಲ್ಲ. ಗೆಲ್ಲಲು ಓಡುತ್ತಿದ್ದೆ ಎನ್ನುವುದು ಸುಳ್ಳಾಗುತ್ತದೆ. ಇಷ್ಟು ಮುಂದೆ ತಂದು ಕೊಟ್ಟದ್ದು ಸುಮಾ ಎಂದು ಎಲ್ಲರೂ ಹೇಳಬೇಕು, ಗಿರಿಜೆ ಗೆದ್ದರೂ ಅದು ನನ್ನಿಂದಲೇ ಆಗಬೇಕು. ಕಾಲಿಗೆ ಬಲ ಬಂದದ್ದು ಅದರಿಂದ.

ಕೆರೆ ಕಂಡಿತು. ರಸ್ತೆಬದಿಯಲ್ಲಿ ಬೇರೆ ತಂಡದ ಹುಡುಗಿಯರು ಕೈಕಾಲು ಆಡಿಸುತ್ತಾ ನಿಂತಿದ್ದರು. ಬಾವುಟ ಹಿಡಿದ ಒಬ್ಬ ಕಾರ್ಯಕರ್ತನಿದ್ದ. ಮರದಡಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡ ಒಬ್ಬ ಹೆಂಗಸಿದ್ದಳು. ಗಿರಿಜೆ ಇರಲಿಲ್ಲ. ನಾನು ಓಡುತ್ತಲೇ ಅವಳ ಹೆಸರು ಹಿಡಿದು ಕೂಗಿದೆ. ಕಾರ್ಯಕರ್ತ ಅತ್ತ ಇತ್ತ ನೋಡಿ, "ಈಗ ಇಲ್ಲೇ ಇದ್ದರಲ್ಲ," ಎಂದ. ಮತ್ತೆ, "ನಿಲ್ಬೇಡಿ ಮೇಡಂ, ಹೋಗಿ, ನೀವೇ ಹೋಗಿ," ಎಂದು ಬಾವುಟ ಬೀಸಿದ.

ಹೋದೆ. ಹೆಬ್ಬಾಳದಿಂದ ಗಂಗಾನಗರದ ತಿರುವಿನವರೆಗೂ ಏರು. ಬಸ್ಸಿನಲ್ಲಿ ಹೋಗುವಾಗ ಅದು ಏರೆಂದೇ ತಿಳಿಯುವುದಿಲ್ಲ. ನನ್ನಲ್ಲಿದ್ದುದನ್ನೆಲ್ಲ ಮೊದಲೇ ಖರ್ಚು ಮಾಡಿಕೊಂಡಿದ್ದೆ. ಬಾಯಲ್ಲಿ ತುಕ್ಕಿನ ರುಚಿ. ಅರ್ಧ ಏರಿನಲ್ಲಿ ಇನ್ನೊಂದು ತಂಡದ ಹುಡುಗಿ ನನ್ನನ್ನು ದಾಟಿ ಹೋದಳು. ಹಿಂದಿನ ಹಂತದಲ್ಲಿ ಆ ತಂಡದ ಮೇಲೆ ನಾನು ಗಳಿಸಿದ್ದ ಅಂತರವೆಲ್ಲ ಕಣ್ಣೆದುರೇ ಕರಗಿತು. ಗಿರಿಜೆಯಾಗಿದ್ದರೆ ಅವಳನ್ನು ಹತ್ತಿರ ಬರಲೂ ಬಿಡುತ್ತಿರಲಿಲ್ಲ.

ಮೈದಾನದೊಳಕ್ಕೆ ಬಂದಾಗ ಅಮ್ಮ ಕೊಡೆ ಮಡಚಿದಳು. ಅದನ್ನು ನೋಡಿದ್ದು ನಿಜ. ಗಿರಿಜೆ ಬರುತ್ತಾಳೆಂದು ಕಾದಿದ್ದವಳು ನನ್ನನ್ನು ಕಂಡು ನನ್ನ ಹಿಂದೆ ಒಮ್ಮೆ ಕಣ್ಣು ಹಾಯಿಸಿದಳು, ಆಮೇಲೆ ಕೊಡೆ ಮಡಚಿ ಕಂಕುಳಲ್ಲಿಟ್ಟುಕೊಂಡು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದಳು. ಗೆರೆ ದಾಟಿ ನಾನು ಹುಲ್ಲಿನ ಮೇಲೆ ಬಿದ್ದೆ. ಸಾರ್ ಬಂದು, "ಎರಡು ಲೆಗ್ ಓಡ್ಬಿಟ್ಯಲ್ಲಮ್ಮ, ನೀನು ಹೆಣ್ಣಾ, ಇಂಜಿನ್ನಾ?" ಎಂದು ನನ್ನ ಕಾಲು ಒತ್ತತೊಡಗಿದರು. ಎಲ್ಲರೂ ಸುತ್ತ ನೆರೆದರು. ಗೆದ್ದ ತಂಡದವರ ಕಡೆ ಯಾರೂ ನೋಡುತ್ತಿರಲಿಲ್ಲ. ಮೂರು ವಾರದಿಂದ ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು.

ಗಿರಿಜೆ ಬಹಳ ಹೊತ್ತಾದ ಮೇಲೆ ಬಸ್ಸಿನಲ್ಲಿ ಬಂದಳು. ಎಲ್ಲಿ ಹಾಳಾಗಿ ಹೋಗಿದ್ದೆ ಎಂದು ಸಾರ್ ಗದರಿದರು.

"ಹೊಟ್ಟೆ ನೋವು ಬಂತು ಸಾರ್. ಪೊದೆ ಕಡೆ ಹೋಗಿದ್ದೆ."

ಗೆಲ್ಲಬೇಕಾದ ಓಟ ಹಾಳು ಮಾಡಿದೆ ಎಂದು ಅವರು ಎಲ್ಲರೆದುರಿಗೇ ಅಂದರು. ಅವಳು ಅಳಲಿಲ್ಲ. ಹುಲ್ಲಿನ ಮೇಲಿದ್ದ ನನ್ನ ಟವೆಲು ಎತ್ತಿ ಕೊಡವಿ, ಮಡಚಿ, ಕೈಯಲ್ಲಿ ಹಿಡಿದುಕೊಂಡು ನಿಂತಳು, ಮೊದಲ ದಿನ ಮೈದಾನದಲ್ಲಿ ಅದನ್ನು ಕಾಯುತ್ತಿದ್ದಂತೆಯೇ. ಕೋಲನ್ನು ನಾನು ಮನೆಗೆ ತಂದೆ. ದಾರ ಸುತ್ತುವಾಗ ತುದಿ ಹಿಡಿದುಕೊಂಡವಳು ಅವಳೇ. ಕೆಂಪು ದಾರ. ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ಓದುವುದು ಬಹಳ ಇದೆ ಎಂದಳು.

ಸುಮಾರು ಹತ್ತು ದಿನದ ಮೇಲೆ ಯಲಹಂಕದ ಗೆಳತಿಯ ಮನೆಯಿಂದ ಹಿಂದಿರುಗುವಾಗ ಹೆಬ್ಬಾಳದಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ಕೆರೆಯ ಕಡೆ ನಡೆದೆ. ಸೀಬೆಹಣ್ಣಿನ ಹೆಂಗಸು ಅದೇ ಮರದಡಿ ಇದ್ದಳು. ನಾನು ಏನೂ ಕೇಳುವ ಮೊದಲೇ ಅವಳು ಗುರುತು ಹಿಡಿದಳು.

"ಅವತ್ತು ಓಡ್ಕಂಡ್ ಬಂದೋಳು ನೀನೇ ತಾನೆ? ನಿನ್ನ ತಂಗಿಗೆ ಆಮ್ಯಾಕೆ ಯಾರೂ ಒಡೀಲಿಲ್ಲ ತಾನೆ?"

ಯಾಕೆ ಎಂದೆ.

"ಪಾಪದ ಎಣ್ಣು. ನನ್ನ ಪಕ್ಕಾನೇ ಕುಂತಿತ್ತು. ನಮ್ಮಕ್ಕ ಬತ್ತಾಳೆ, ನಮ್ಮಕ್ಕ ಬತ್ತಾಳೆ ಅಂತ ಅದೇ ಮಾತು. ನೀನು ದೂರದಾಗೆ ಕಾಣಿಸ್ತಿದ್ದಂಗೆ ಎದ್ದು ಮರದ ಇಂದಕ್ಕೆ ಓಯ್ತು. ಉಚ್ಚೆಗೇನೋ ಅನ್ಕಂಡೆ. ನೋಡಿದ್ರೆ ಅಲ್ಲೇ ನಿಂತವ್ಳೆ, ನೀನು ಓಗೋದನ್ನೇ ನೋಡ್ಕಂಡು."

ನಾನು ಎರಡು ಸೀಬೆಹಣ್ಣು ಕೊಂಡೆ. ತಿನ್ನಲಿಲ್ಲ. ಅಲ್ಲಿಂದ ಮನೆಯವರೆಗೂ ಆ ಏರನ್ನು ನಡೆದೇ ಹತ್ತಿದೆ. ಹೊಟ್ಟೆಕಿಚ್ಚು ಅಂದು ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚಾಯಿತು. ಅವಳ ವೇಗಕ್ಕೆ ಉರಿದುಕೊಂಡಿದ್ದೆ, ಅಮ್ಮನ ಕೈ ಅವಳ ಜಡೆಯಲ್ಲಿದ್ದುದಕ್ಕೆ ಉರಿದುಕೊಂಡಿದ್ದೆ. ಈಗ ನನಗೆ ಅಷ್ಟು ಬೇಕಾಗಿದ್ದ ಒಂದನ್ನು ಅವಳು ಮರದ ಹಿಂದೆ ನಿಂತು ಬಿಟ್ಟುಕೊಡಬಲ್ಲಳು ಎಂಬುದಕ್ಕೂ ಉರಿದುಕೊಳ್ಳಬೇಕಾಯಿತು. ಅದೊಂದನ್ನು ನಾನು ಎಷ್ಟು ಅಭ್ಯಾಸ ಮಾಡಿದರೂ ಮಾಡಲಾರೆ ಎಂದು ನನಗೆ ಆ ರಸ್ತೆಯಲ್ಲೇ ಗೊತ್ತಿತ್ತು.

ಹಾಗೆಂದು ಅವಳು ಬಿಟ್ಟುಕೊಟ್ಟಳೆಂದೇ ಹೇಗೆ ಹೇಳಲಿ? ಸಾಕ್ಷಿ ಒಬ್ಬಳೇ. ನಿಜವಾಗಿ ಹೊಟ್ಟೆ ನೋವಿದ್ದಿರಬಹುದು. ಹೆದರಿಕೆಯಾಗಿದ್ದಿರಬಹುದು, ಎಷ್ಟಾದರೂ ಹದಿನೇಳರ ಹುಡುಗಿ. ಇನ್ನೊಂದು ಸಾಧ್ಯತೆಯನ್ನೂ ಕೆಲವು ಸಲ ಯೋಚಿಸಿದ್ದೇನೆ. ಅಷ್ಟು ಬೇಕಿದ್ದರೆ ನೀನೇ ಓಡು, ಆ ಏರಿನಲ್ಲಿ ಬಿದ್ದು ಸಾಯಿ ಎಂದು ಸಿಟ್ಟಿನಿಂದ ನಿಂತಿದ್ದಿರಬಹುದು. ಹಾಗಿದ್ದರೆ ನನಗೆ ಎಷ್ಟೋ ಸಮಾಧಾನ.

ಎಂಟು ವರ್ಷ ನಾನು ಕೇಳಲಿಲ್ಲ. ಗಿರಿಜೆ ಬ್ಯಾಂಕಿನ ಕೆಲಸಕ್ಕೆ ಸೇರಿದಳು, ಮದುವೆಯಾಗಿ ಯಶವಂತಪುರದಲ್ಲಿ ಮನೆ ಮಾಡಿದಳು. ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಬಂದಿದ್ದಳು. ನೆನೆಸಿದ ಅವರೆಕಾಳಿನ ಪಾತ್ರೆಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಸಿಪ್ಪೆ ಹಿತುಕುತ್ತಾ ಕೂತಿದ್ದೆವು. ಅಮ್ಮ ಒಳಗೆ ಒಗ್ಗರಣೆಗೆ ಸಿದ್ಧ ಮಾಡುತ್ತಿದ್ದಳು. ಗಿರಿಜೆಯ ಕೈ ಈಗಲೂ ನನ್ನದಕ್ಕಿಂತ ಚುರುಕು. ಅವಳ ಕಡೆಯ ಗುಡ್ಡೆ ದೊಡ್ಡದಾಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅವಳು ತನ್ನ ಗುಡ್ಡೆಯಿಂದ ಒಂದು ಬೊಗಸೆ ತೆಗೆದು ನನ್ನ ಕಡೆಗೆ ಸುರಿದಳು.

ಆಗ ಕೇಳಿಬಿಟ್ಟೆ. ಅವಳು ನನ್ನ ಮುಖ ನೋಡಿದಳು. ಒಳಗಿನಿಂದ ಅಮ್ಮ ಕಾಳು ತನ್ನಿ ಎಂದು ಕರೆದಳು. ಗಿರಿಜೆ ಎರಡೂ ಗುಡ್ಡೆಗಳನ್ನು ಒಂದೇ ಪಾತ್ರೆಗೆ ತುಂಬಿಕೊಂಡು ಎದ್ದು ಒಳಗೆ ಹೋದಳು. ಆಮೇಲೆ ಎಷ್ಟೋ ಭಾನುವಾರ ಬಂದಿದ್ದಾಳೆ, ಊಟ ಮಾಡಿದ್ದಾಳೆ, ನಕ್ಕಿದ್ದಾಳೆ. ಉತ್ತರ ಮಾತ್ರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಗಿರಿಜಾ, ಅವತ್ತು ಕೆರೆ ಹತ್ರ ನಿನ್ನ ಹೆಸರು ಹಿಡಿದು ಕೂಗಿದೆನಲ್ಲ, ನಿಂಗೆ ಕೇಳಿಸ್ತಾ?"